ಮೂಲ ಕಳೆದುಹೋದ ಟೀಕೆ

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಗಿನ ಹೊತ್ತು ಸೇರುವ ನಮ್ಮ ಗುಂಪಿನಲ್ಲಿ ನಾಲ್ವರು ನಿವೃತ್ತ ಮೇಷ್ಟ್ರುಗಳು, ಒಬ್ಬರು ಎಲ್‌ಐಸಿಯವರು, ಇನ್ನೂ ನೌಕರಿಯಲ್ಲಿರುವ ಒಬ್ಬ ಹುಡುಗ. ಹೋದ ತಿಂಗಳು ಆ ಹುಡುಗ, ಓದಿಕೊಂಡವನೇ, ಒಂದು ಮಾತು ತೇಲಿಬಿಟ್ಟ: "ಸಾರ್, ಕನ್ನಡದಲ್ಲಿ ವಾರದ ಅಂಕಣ ಅಂದ್ರೆ ಲಂಕೇಶರ ಟೀಕೆ ಟಿಪ್ಪಣಿ. ಮಿಕ್ಕಿದ್ದೆಲ್ಲ ಸುಮ್ನೆ ಜಾಗ ತುಂಬ್ಸೋದು." ಮೂವರು ಮೇಷ್ಟ್ರುಗಳು ತಲೆಯಾಡಿಸಿದರು. ನಾಲ್ಕನೆಯವನು ನಾನು. ಆವತ್ತು ಒಂದು ಸುತ್ತು ಜಾಸ್ತಿ ನಡೆದೆವು, ಜಗಳ ಮುಗಿಯಲಿಲ್ಲ. ಈ ಬರಹ ಅದರ ಬಾಕಿ.

ಟೀಕೆ ಟಿಪ್ಪಣಿ ದೊಡ್ಡ ಬರವಣಿಗೆಯೇ. ನನ್ನ ತಕರಾರು ಅದಕ್ಕೆ ಬಂದಿರುವ ಕೀರ್ತಿಯ ಮೇಲೆ. ಆ ಕೀರ್ತಿ ನಿಂತಿರುವ ಎರಡು ಕಾಲೂ ಪೊಳ್ಳು. ಒಂದು, ಈ ಅಂಕಣ ಗುಂಡೂರಾವ್ ಸರ್ಕಾರವನ್ನು ಬೀಳಿಸಿತು ಎನ್ನುವುದು. ಇನ್ನೊಂದು, ಅದು "ಇವತ್ತಿಗೂ ಪ್ರಸ್ತುತ" ಎನ್ನುವುದು.

ಮೊದಲನೆಯದನ್ನು ವಿಚಾರ ಸಂಕಿರಣಗಳಲ್ಲಿ ಕೇಳಿ ಕೇಳಿ ನನ್ನ ಕಿವಿ ಜಡ್ಡುಗಟ್ಟಿದೆ. ಈ ಅಂಕಣ ಬರುತ್ತಿದ್ದ ಲಂಕೇಶರ ಪತ್ರಿಕೆ ಶುರುವಾದದ್ದು 1980ರ ಜುಲೈ 6ಕ್ಕೆ. ಅದೇ ತಿಂಗಳ 21ಕ್ಕೆ ನರಗುಂದ, ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರು. ಅಲ್ಲಿಂದ ರೈತ ಸಂಘ ಎದ್ದು ನಿಂತಿತು. 1982ರಲ್ಲಿ ಗೋಕಾಕ್ ವರದಿಗಾಗಿ ರಾಜ್‌ಕುಮಾರ್ ಊರೂರು ಸುತ್ತಿದರು. 1983ರ ಜನವರಿಯಲ್ಲಿ ಕಾಂಗ್ರೆಸ್ ಸೋತಿತು, ಹೆಗಡೆ ಬಂದರು. ನೀರಿನ ಕರ ಕಟ್ಟಲಾರದೆ ಬೀದಿಗಿಳಿದ ಮಲಪ್ರಭೆಯ ರೈತ ಅಂಕಣ ಓದಿ ಓಟು ಹಾಕಿದನೇ? ನಮ್ಮ ವಿಮರ್ಶಕರು ಓದುವವರು, ಬರೆಯುವವರು. ಹಾಗಾಗಿ ಸರ್ಕಾರ ಬಿದ್ದರೂ ಅದನ್ನು ಯಾರೋ ಬರೆದೇ ಬೀಳಿಸಿರಬೇಕು ಎಂದು ಅವರಿಗೆ ಅನಿಸುತ್ತದೆ. ಪ್ರಬಂಧ ಮಂಡನೆಯಲ್ಲಿ ನರಗುಂದಕ್ಕೆ ಒಂದು ಸಾಲು, "ನಿರ್ಭೀತ ಲೇಖನಿ"ಗೆ ಹತ್ತು ಪುಟ. ಈ ಲೆಕ್ಕವನ್ನು ಒಮ್ಮೆ ಸಭೆಯಲ್ಲೇ ಎತ್ತಿದ್ದೆ. ಅಧ್ಯಕ್ಷರು ಗಡಿಯಾರ ನೋಡಿಕೊಂಡು ಊಟಕ್ಕೆ ಬಿಟ್ಟರು.

ಎರಡನೆಯದು ಇನ್ನೂ ತಮಾಷೆ. ಹೆಸರನ್ನೇ ನೋಡಿ. ಇವತ್ತು ಟೀಕೆ ಎಂದರೆ ಬೈಗುಳದ ಸಭ್ಯ ರೂಪ. ಹಳೆಯ ಅರ್ಥ ಬೇರೆ. ಟೀಕೆ ಎಂದರೆ ಮೂಲ ಗ್ರಂಥವೊಂದಕ್ಕೆ ಬರೆದ ವಿವರಣೆ. ಮಳಖೇಡದ ಜಯತೀರ್ಥರು ಟೀಕಾಚಾರ್ಯರಾದದ್ದು ಮಧ್ವರ ಗ್ರಂಥಗಳನ್ನು ಬಿಡಿಸಿ ಹೇಳಿದ್ದಕ್ಕೆ, ಯಾರನ್ನೋ ಝಾಡಿಸಿದ್ದಕ್ಕಲ್ಲ. ಟಿಪ್ಪಣಿಯಂತೂ ಟೀಕೆಗಿಂತ ಚಿಕ್ಕದು, ಅಂಚಿನಲ್ಲಿ ಗೀಚಿದ್ದು. ಎರಡಕ್ಕೂ ಮೂಲ ಬೇಕು. ಲಂಕೇಶರಿಗೆ ಮೂಲ ಯಾವುದು? ಆ ವಾರ. ವಿಧಾನಸೌಧದಲ್ಲಿ ನಡೆದದ್ದು, ಯಾರೋ ತೀರಿಕೊಂಡದ್ದು, ಓದಿದ ಪುಸ್ತಕ, ಕಂಡ ಮನುಷ್ಯ. "ಜಾಣ ಜಾಣೆಯರ ಪತ್ರಿಕೆ" ಎಂದು ಮುಖಪುಟದಲ್ಲಿ ಹಾಕಿಕೊಂಡದ್ದು ಬರೀ ಓದುಗರನ್ನು ಉಬ್ಬಿಸುವುದಕ್ಕಲ್ಲ, ಅದೊಂದು ಕರಾರು: ಮೂಲ ನಿಮಗೆ ಗೊತ್ತಿದೆ, ನಾನು ಟೀಕೆಯಷ್ಟೇ ಬರೆಯುತ್ತೇನೆ. ಯಾವ ಮಂತ್ರಿ, ಯಾವ ಹಗರಣ ಎಂದು ಬಿಡಿಸಿ ಹೇಳುವ ಗೋಜಿಲ್ಲ. ಆ ವೇಗ ಬಂದದ್ದೇ ಅಲ್ಲಿಂದ.

ಅಂಕಣ ಪುಸ್ತಕವಾಗಿ ರಟ್ಟಿನೊಳಗೆ ಕೂತಾಗ ಅಕ್ಕಪಕ್ಕದ ಪುಟಗಳು ಹೋದವು, ವಾರ ಹೋಯಿತು. ಉಳಿದದ್ದು ಮೂಲ ಕಳೆದುಹೋದ ಟೀಕೆ. ಅದನ್ನು ಓದಿ ಹುಡುಗರು ಮೆಚ್ಚುವುದು ಏನನ್ನು? ತೀರ್ಪಿನ ಗತ್ತನ್ನು. ಯಾರ ಮೇಲಿನ ತೀರ್ಪು, ಸಾಕ್ಷಿ ಏನಿತ್ತು ಎಂಬುದು ಮಸುಕಾಗಿ ದನಿ ಒಂದೇ ಕೇಳಿಸುತ್ತದೆ. ಇದನ್ನೇ ನಮ್ಮವರು ಕಾಲಾತೀತ ಎನ್ನುತ್ತಾರೆ.

ಅವರ ಕಸುಬನ್ನು ಸ್ವಲ್ಪ ಬಿಡಿಸಿ ನೋಡಬೇಕು. ಲಂಕೇಶರು ರಾಜಕಾರಣಿಯನ್ನು ಕತೆಗಾರನ ಕಣ್ಣಿಂದ ನೋಡಿದವರು. ಪ್ರಣಾಳಿಕೆ, ಧೋರಣೆ ಆಮೇಲೆ. ಮೊದಲು ಈತ ಯಾವ ಊರಿನವನು, ಯಾವ ಜಾತಿ, ಇವನ ಅಳುಕು ಎಲ್ಲಿದೆ, ಯಾರೆದುರು ಬಗ್ಗುತ್ತಾನೆ, ಯಾರೆದುರು ಸೆಟೆಯುತ್ತಾನೆ. ಜಾತಿಯ ಮಾತು ಬಂದರೆ ಅಚ್ಚಿನಲ್ಲಿ ತಡವರಿಸುವುದೇ ಮರ್ಯಾದೆ ಎಂದಿದ್ದ ಕಾಲದಲ್ಲಿ ಅವರು ಹೆಸರು ಹಿಡಿದು ಬರೆದರು. ಅದು ಲೆಕ್ಕಾಚಾರಕ್ಕಲ್ಲ, ಒಬ್ಬ ಮನುಷ್ಯ ಕುರ್ಚಿಯ ಅಂಚಿನಲ್ಲಿ ಕೂರುವುದಕ್ಕೂ ಇನ್ನೊಬ್ಬ ಒರಗಿ ಕೂರುವುದಕ್ಕೂ ಇರುವ ಕಾರಣ ಹೇಳಲಿಕ್ಕೆ. ಅರಸು, ಹೆಗಡೆ, ಬಂಗಾರಪ್ಪ, ದೇವೇಗೌಡ ಎಲ್ಲರೂ ಹೀಗೆ ಪಾತ್ರಗಳಾದರು. ಪಾತ್ರವಾದ ಮೇಲೆ ಒಬ್ಬನನ್ನು ಈ ವಾರ ಹೊಗಳಿ ಮುಂದಿನ ವಾರ ತೆಗಳಬಹುದು. ಇದನ್ನು ಚಂಚಲತೆ ಎಂದು ಕರೆದವರುಂಟು. ನನ್ನ ಪ್ರಕಾರ ಅಂಕಣದ ಶಕ್ತಿ ಇರುವುದೇ ಅಲ್ಲಿ.

ಆದರೆ ಈ ಕಣ್ಣಿಗೆ ಒಂದು ಚಪಲವಿದೆ: ಎದುರಿಗೆ ಬಂದದ್ದನ್ನೆಲ್ಲ ಯಾರದೋ ಸ್ವಭಾವವಾಗಿ ಓದುವುದು. 1991ರ ಜೂನ್‌ನಲ್ಲಿ ಕಾವೇರಿ ನ್ಯಾಯಮಂಡಳಿ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು ಮಧ್ಯಂತರ ಆದೇಶ ಕೊಟ್ಟಿತು. ಬಂಗಾರಪ್ಪ ಸುಗ್ರೀವಾಜ್ಞೆ ತಂದರು, ಸುಪ್ರೀಂ ಕೋರ್ಟು ಅದನ್ನು ನಿಲ್ಲಗೊಡಲಿಲ್ಲ, ಡಿಸೆಂಬರಿನಲ್ಲಿ ಬೆಂಗಳೂರು ಹೊತ್ತಿಕೊಂಡಿತು. ಸುಗ್ರೀವಾಜ್ಞೆಯಲ್ಲಿ ಬಂಗಾರಪ್ಪನವರ ಗುಣ ಕಾಣುತ್ತದೆ, ಒಪ್ಪಿದೆ. 205 ಎಂಬ ಸಂಖ್ಯೆಗೆ ಯಾವ ಗುಣವಿದೆ? ಅದಕ್ಕೆ ಕನ್ನಂಬಾಡಿಯ ಒಳಹರಿವಿನ ಲೆಕ್ಕ ಬೇಕು, ಮಂಡ್ಯದ ಭತ್ತ, ತಂಜಾವೂರಿನ ಕುರುವೈ ಬೇಕು. 1994ರ ಮೇನಲ್ಲಿ ಕೈಗಾದ ಅಣು ಸ್ಥಾವರದ ಗುಮ್ಮಟ, ಕಟ್ಟುತ್ತಿರುವಾಗಲೇ, ಒಳಪದರ ಕಳಚಿ ಕೆಳಗೆ ಬಿತ್ತು. ಕಾಂಕ್ರೀಟು ಯಾರ ಮುಲಾಜಿಗೂ ಬಗ್ಗುವುದಿಲ್ಲ, ಸೆಟೆಯುವುದೂ ಇಲ್ಲ. ಅದು ಏಕೆ ಪದರ ಬಿಟ್ಟಿತು ಎಂದು ಹೇಳಬಲ್ಲ ಅಂಕಣ ಬೇರೆ ಜಾತಿಯದು. ನಾಗೇಶ ಹೆಗಡೆಯವರ ಕಡೆಗೆ ಹೋಗಬೇಕು, ನಮ್ಮ ಮೈಸೂರಿನವರೇ ಆಗಿದ್ದ ಜಿ.ಟಿ. ನಾರಾಯಣರಾವ್, ಜೆ.ಆರ್. ಲಕ್ಷ್ಮಣರಾವ್ ಅವರ ಕಡೆಗೆ ಹೋಗಬೇಕು. ವಾರದ ಸುದ್ದಿಯಲ್ಲಿ ವಿಜ್ಞಾನವೂ ಒಂದು ಎಂದು ನಮ್ಮ ಅಂಕಣ ವಿಮರ್ಶೆ ಇವತ್ತಿಗೂ ಒಪ್ಪಿಲ್ಲ. ಅದು ಪುರವಣಿ ವಿಷಯವಂತೆ.

ಈ ಚಪಲ ಅಂಟುರೋಗ. ನನಗೂ ಹತ್ತಿತ್ತು. ಬಹಳ ಹಿಂದೆ ಊರಿನ ಒಂದು ಸಣ್ಣ ಪತ್ರಿಕೆಗೆ ಎರಡು ವರ್ಷ ವಾರಕ್ಕೊಂದು ಅಂಕಣ ಬರೆದೆ. ಸರಸ್ವತಿಪುರಂನ ನಮ್ಮ ಕ್ರಾಸಿನಲ್ಲಿ ಯುಜಿಡಿ ಕಟ್ಟಿಕೊಂಡು ಮ್ಯಾನ್‌ಹೋಲ್ ಉಕ್ಕುತ್ತಿದ್ದ ಮಳೆಗಾಲ. ಕಾರ್ಪೊರೇಟರ್ ಒಬ್ಬರ ಗರಿಗರಿ ಬಿಳಿ ಶರ್ಟನ್ನು ಹಿಡಿದುಕೊಂಡು ಎಂಟುನೂರು ಪದ ಬರೆದೆ. ಇಸ್ತ್ರಿಯ ಗೆರೆ, ಜೇಬಿನಿಂದ ಇಣುಕುವ ಎರಡು ಪೆನ್ನು, ಗಲೀಜು ದಾಟುವಾಗ ಪಂಚೆ ಎತ್ತುವ ಬೆರಳು. ಫೋನು ಮೇಲೆ ಫೋನು, ಮೇಷ್ಟ್ರೇ ಭೇಷ್ ಎಂದು. ಮಾರನೇ ವಾರ ಆ ಮನುಷ್ಯ ಮನೆಗೇ ಬಂದರು. ಕಾಫಿ ಕುಡಿದರು. ಬಗಲಲ್ಲಿದ್ದ ಫೈಲು ಬಿಚ್ಚಿ ಮೇಜಿನ ಮೇಲಿಟ್ಟರು: ಒಂಬತ್ತು ತಿಂಗಳಲ್ಲಿ ಅವರು ಬರೆದ ಏಳು ಅರ್ಜಿ, ಪೈಪಿನ ಅಳತೆ, ಇಳಿಜಾರು ಉಲ್ಟಾ ಇದೆ ಎಂಬ ಎಂಜಿನಿಯರರ ಷರಾ, ಎರಡು ಇಲಾಖೆಗಳ ನಡುವೆ ಓಡಾಡಿದ ಸೀಲುಗಳು. "ಶರ್ಟಿನ ವಿಚಾರ ಚೆನ್ನಾಗಿ ಬರ್ದಿದ್ರಿ ಸಾರ್, ನಮ್ಮನೆಯವರು ಕಟ್ ಮಾಡಿ ಇಟ್ಕೊಂಡವ್ರೆ" ಎಂದು ಹೊರಟರು. ಇಳಿಜಾರಿನ ಬಗ್ಗೆ ಬರೆಯಬೇಕೆಂದು ಕೂತೆ. ನೂರು ಪದ ದಾಟಲಿಲ್ಲ. ನನಗೆ ಗೊತ್ತಿದ್ದದ್ದೇ ಅಷ್ಟು.

ಇನ್ನು ಆ ಹುಡುಗ ಜಾಗ ತುಂಬಿಸುವುದು ಎಂದನಲ್ಲ, ಅದರೊಳಗೆ ಹಾ.ಮಾ. ನಾಯಕರೂ ಬಂದುಬಿಟ್ಟರು. ನಾವು ನಿಂತಿದ್ದದ್ದು ಕೆರೆಯ ಈಚೆ ದಡ. ಆಚೆಗೆ ಮರಗಳ ಸಂದಿಯಲ್ಲಿ ಮಾನಸಗಂಗೋತ್ರಿ, ಅವರು ಕನ್ನಡ ಅಧ್ಯಯನ ಸಂಸ್ಥೆಯ ನಿರ್ದೇಶಕರಾಗಿದ್ದ ಜಾಗ. ಇಬ್ಬರದೂ ಶಿವಮೊಗ್ಗ ಜಿಲ್ಲೆ. ನಾಯಕರು ತೀರ್ಥಹಳ್ಳಿ ಕಡೆಯ ಹಾರೋಗೊಳಿಗೆ, ಲಂಕೇಶರು ಕೊನಗವಳ್ಳಿ. ವಯಸ್ಸಿನಲ್ಲಿ ನಾಲ್ಕು ವರ್ಷ ಅಂತರ. ಇಬ್ಬರೂ ಪಾಠ ಹೇಳಿದವರು. ಒಬ್ಬರನ್ನು ನಾಡೆಲ್ಲ ಅಕ್ಕರೆಯಿಂದ ಮೇಷ್ಟ್ರು ಎಂದಿತು. ಇನ್ನೊಬ್ಬರ ಬರಹವನ್ನು "ಮೇಷ್ಟ್ರ ಬರಹ" ಎಂದು ಬದಿಗೆ ಸರಿಸಿತು. ಕೇಂದ್ರ ಸಾಹಿತ್ಯ ಅಕಾಡೆಮಿ ಮಾತ್ರ 1989ರಲ್ಲಿ ನಾಯಕರ ಅಂಕಣ ಸಂಗ್ರಹ 'ಸಂಪ್ರತಿ'ಗೆ ಪ್ರಶಸ್ತಿ ಕೊಟ್ಟಿತು. ಲಂಕೇಶರಿಗೆ 1993ರಲ್ಲಿ ಬಂದದ್ದು 'ಕಲ್ಲು ಕರಗುವ ಸಮಯ'ಕ್ಕೆ, ಅಂದರೆ ಕತೆಗಳಿಗೆ. ಅಂಕಣಕ್ಕೆ ಅಕಾಡೆಮಿಯೇ ಎಂದು ಹುಬ್ಬೇರಿಸುವವರು ನಮ್ಮ ವಾಕಿಂಗ್ ಗುಂಪಿನಲ್ಲೇ ಇದ್ದಾರೆ. ಅವರೇ ಟೀಕೆ ಟಿಪ್ಪಣಿಯನ್ನು ಮಹಾಕೃತಿ ಎನ್ನುವವರು. ಹಾಗಾದರೆ ನಿಮ್ಮ ತಕರಾರು ಅಂಕಣದ ಮೇಲೋ ನಾಯಕರ ಮೇಲೋ ಎಂದು ಕೇಳಿದರೆ ಮಂಡಿ ನೋವಿನ ಮಾತು ತೆಗೆಯುತ್ತಾರೆ.

ಸಂಪ್ರತಿ ಎಂದರೆ ಈಗ, ಸದ್ಯ. ಇದು ಹೊತ್ತಿಗೆ ಸೇರಿದ ಬರಹ ಎಂದು ಹೆಸರಿನಲ್ಲೇ ಒಪ್ಪಿಕೊಂಡ ಪುಸ್ತಕ. ನಾಯಕರು ಓದುಗನನ್ನು ಜಾಣ ಎಂದುಕೊಳ್ಳುವುದಿಲ್ಲ, ಊರಲ್ಲಿಲ್ಲದೆ ಈಗಷ್ಟೇ ಬಂದವನು ಎಂದುಕೊಳ್ಳುತ್ತಾರೆ. ಹಾಗಾಗಿ ವಿಷಯ ಏನು, ಯಾರು, ಎಲ್ಲಿ ಎಂದು ಮೊದಲು ಹೇಳಿಯೇ ಮುಂದಿನ ಮಾತು. ಇಂಡಿಯಾನಾದಲ್ಲಿ ಜಾನಪದ, ಭಾಷಾವಿಜ್ಞಾನ ಓದಿ ಬಂದವರ ಶಿಸ್ತು ಇದು: ಮೊದಲು ದಾಖಲೆ. ಲಂಕೇಶರ ಮಿಂಚು ಇಲ್ಲಿಲ್ಲ. ಸೌಜನ್ಯ ಅತಿಯಾಗಿ, ಹೇಳಬೇಕಾದದ್ದು ಗಂಟಲಲ್ಲೇ ಉಳಿದ ಜಾಗಗಳೂ ಇವೆ. ಆದರೂ ಇವತ್ತು ಸಂಪ್ರತಿ ತೆರೆದರೆ ವಾರ ಸಿಗುತ್ತದೆ. ಟೀಕೆ ಟಿಪ್ಪಣಿ ತೆರೆದರೆ ಸಿಗುವುದು ಲಂಕೇಶರು.

ಇಷ್ಟು ಹೇಳಿದ ಮೇಲೆ ಹೋದ ವಾರ ನಡೆದದ್ದನ್ನೂ ಹೇಳಬೇಕು. ನಮ್ಮ ಬಡಾವಣೆಯ ಹಳೇ ಪೇಪರ್ ಅಂಗಡಿಯಲ್ಲಿ ಸೆಣಬಿನ ಹುರಿಯಲ್ಲಿ ಕಟ್ಟಿದ ಒಂದು ಗಂಟು ಲಂಕೇಶರ ಪತ್ರಿಕೆ ಸಿಕ್ಕಿತು. ಎಂಬತ್ತರ ದಶಕದವು; ಮಡಿಕೆಯಲ್ಲಿ ಪುಡಿಯಾಗುವ ಕಾಗದ, ಬೆರಳಿಗೆ ಮಸಿ. ಅಂಗಡಿಯವನು ತೂಕಕ್ಕೆ ಹಾಕಿದ. ಮನೆಗೆ ತಂದು ಬಿಚ್ಚಿದರೆ ಅಂಕಣದ ಅಂಚಿನಲ್ಲಿ ಪೆನ್ಸಿಲಿನ ಬರಹ. ಒಂದು ಹೆಸರಿನ ಕೆಳಗೆ ಗೆರೆ ಎಳೆದು, ನೀಲಿ ಬಾಲ್‌ಪೆನ್ನಿನಲ್ಲಿ, ಮಕ್ಕಳ ದುಂಡು ಅಕ್ಷರದಲ್ಲಿ, "ಇದು ಯಾರು?" ಎಂದಿದೆ. ಪಕ್ಕದಲ್ಲೇ ಪೆನ್ಸಿಲಿನ ಉತ್ತರ: "ಆಗ ಕಂದಾಯ ಮಂತ್ರಿ. ನಿಮ್ಮ ತಾತನಿಗೆ ಪರಿಚಯ." ಇನ್ನೊಂದು ಕಡೆ ಪ್ರಶ್ನೆ, ಉತ್ತರ ಒಂದೂವರೆ ಸಾಲು. ಸಂಚಿಕೆಯಿಂದ ಸಂಚಿಕೆಗೆ ನೀಲಿ ಅಕ್ಷರ ಸಣ್ಣದಾಗುತ್ತಾ, ಕೂಡಿಸಿ ಬರೆಯುತ್ತಾ ಬಂದಿದೆ. ಪೆನ್ಸಿಲು ನಡುಗುತ್ತಾ ಬಂದಿದೆ. ಕೊನೆಯ ನಾಲ್ಕು ಸಂಚಿಕೆಗಳಲ್ಲಿ ನೀಲಿ ಮಾತ್ರ ಇದೆ: ಇದು ಯಾರು, ಇದು ಎಲ್ಲಿ, ಇದು ಯಾವಾಗ ಎಂದು. ಎರಡಕ್ಕೆ ನನಗೆ ಉತ್ತರ ಗೊತ್ತಿತ್ತು, ಪೆನ್ಸಿಲು ಹುಡುಕಿ ಬರೆದೆ.