ಓರೆ ಗೋಡೆ ಹೊಸದೇನಲ್ಲ

ಕಟ್ಟಡಗಳ ಮಾದರಿ ತಯಾರಿಸುವ ರೆವಿಟ್ ತಂತ್ರಾಂಶದಲ್ಲಿ ಓರೆ ಗೋಡೆ ಎಳೆಯುವ ಸೌಲಭ್ಯ ಬಂದದ್ದು 2021ರ ಆವೃತ್ತಿಯಲ್ಲಿ. ತಳದಲ್ಲಿ ದಪ್ಪಗಿದ್ದು ಮೇಲೇರಿದಂತೆ ತೆಳ್ಳಗಾಗುವ ಗೋಡೆ ಅದರ ಮುಂದಿನ, 2022ರ ಆವೃತ್ತಿಯಲ್ಲಿ ಬಂತು. ಇದರ ಬಗ್ಗೆ ವಾಸ್ತುಶಿಲ್ಪಿಗಳ ವಲಯದಲ್ಲಿ ಒಂದು ಮಾತು ರೂಢಿಯಾಗಿದೆ: ಆಧುನಿಕ ಕಟ್ಟಡಗಳು ಹೊಸ ಹೊಸ ರೂಪ ತಾಳುತ್ತ ಮುಂದೆ ಹೋಗಿದ್ದವು, ತಂತ್ರಾಂಶ ಈಗ ಅವನ್ನು ಹಿಡಿದಿದೆ, ಇನ್ನು ತೊಂದರೆಯಿಲ್ಲ. ಇದನ್ನು ನಾನು ಒಪ್ಪುವುದಿಲ್ಲ. ತಂತ್ರಾಂಶ ತಲುಪಲಾಗದೆ ಉಳಿದಿದ್ದದ್ದು ಹೊಸ ಕಟ್ಟಡಗಳನ್ನಲ್ಲ, ಆರೇಳು ಶತಮಾನ ಹಳೆಯ ಕಟ್ಟಡಗಳನ್ನು. ತೊಂದರೆಯೂ ಇನ್ನೂ ಹಾಗೇ ಇದೆ.

ಬಹಮನಿ ರಾಜ್ಯವನ್ನು ಸ್ಥಾಪಿಸಿದ ಅಲಾವುದ್ದೀನ್ ಹಸನ್ 1358ರಲ್ಲಿ ತೀರಿಕೊಂಡ. ಕಲಬುರಗಿಯಲ್ಲಿರುವ ಅವನ ಗೋರಿಯ ಗೋಡೆಗಳು ಒಳಮುಖವಾಗಿ ವಾಲಿವೆ. ಅದು ದೆಹಲಿಯ ತುಘಲಕರಿಂದ ಬಂದ ಕ್ರಮ. ತುಘಲಕಾಬಾದಿನಲ್ಲಿ ಘಿಯಾಸುದ್ದೀನನ ಗೋರಿ ನೋಡಿದರೆ ವಿಷಯ ಇನ್ನೂ ಸ್ಪಷ್ಟ: ಹೊರಮುಖ ಓರೆ, ಒಳಮುಖ ನೆಟ್ಟಗೆ. ಅಂದರೆ ಗೋಡೆ ವಾಲಿಲ್ಲ, ಮೇಲೆ ಹೋದಂತೆ ಸಣ್ಣದಾಗಿದೆ. ಕಟ್ಟಿದವರು ಇದನ್ನು ಕೇವಲ ಚೆಂದಕ್ಕೆ ಮಾಡಿದ್ದಲ್ಲ. ಕಲ್ಲಿನ ಗೋಡೆಯಲ್ಲಿ ಕೆಳಗಿನ ವರಸೆ ಮೇಲಿನ ಎಲ್ಲ ವರಸೆಗಳ ಭಾರ ಹೊರಬೇಕು; ಗುಮ್ಮಟ ಗೋಡೆಯನ್ನು ಹೊರಕ್ಕೆ ತಳ್ಳುತ್ತಿರುತ್ತದೆ. ತಳದ ದಪ್ಪ ಆ ಭಾರಕ್ಕೂ ತಳ್ಳುವಿಕೆಗೂ ಕೊಟ್ಟ ಉತ್ತರ.

ಈ ಲೆಕ್ಕ ಯಾವಾಗ ತಪ್ಪಿಹೋಯಿತು ಎಂಬುದಕ್ಕೆ ಶಿಕಾಗೊದ ಮೊನಾಡ್ನಾಕ್ ಕಟ್ಟಡವೇ ಸಾಕ್ಷಿ. ಅದರ ಉತ್ತರ ಭಾಗ 1891ರದ್ದು, ಹದಿನಾರು ಮಹಡಿ, ಭಾರ ಹೊರುವುದು ಇಟ್ಟಿಗೆ ಗೋಡೆ. ಗೋಡೆ ತಳದಲ್ಲಿ 6 ಅಡಿ ದಪ್ಪ, ತುದಿಯಲ್ಲಿ 18 ಅಂಗುಲ. ಎರಡೇ ವರ್ಷಕ್ಕೆ ಅದಕ್ಕೆ ಅಂಟಿಕೊಂಡು ಎದ್ದ ದಕ್ಷಿಣ ಭಾಗದಲ್ಲಿ ಉಕ್ಕಿನ ಚೌಕಟ್ಟು ಬಂತು. ಚೌಕಟ್ಟು ಭಾರ ಹೊತ್ತ ಮೇಲೆ ಗೋಡೆ ಬರೀ ಮರೆಯಾಗಿ ಉಳಿಯಿತು. ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪವಿದ್ದರೆ ಸಾಕಾಯಿತು.

2000ದಲ್ಲಿ ಮೊದಲು ಬಿಡುಗಡೆಯಾದ ರೆವಿಟ್ ಈ ಎರಡನೆಯ ಬಗೆಯ ಗೋಡೆಯನ್ನೇ ಗೋಡೆ ಎಂದು ತಿಳಿಯಿತು. ಪ್ಲಾನಿನಲ್ಲಿ ಒಂದು ಗೆರೆ, ಅದಕ್ಕೊಂದು ದಪ್ಪ, ಒಂದು ಎತ್ತರ. ಆರ್‌ಸಿಸಿ ಚೌಕಟ್ಟಿನ ಮನೆಗೆ ಇದು ಸರಿಯೇ. ಅದೇ ಎಲ್ಲ ಗೋಡೆಗಳಿಗೂ ಅಳತೆಗೋಲಾದದ್ದು ತಪ್ಪು. ಓರೆ ಬೇಕಾದವರು ಮೊದಲು ಒಂದು ಘನಾಕೃತಿ (ಮಾಸ್) ಮಾಡಿಕೊಂಡು ಅದರ ಮುಖಕ್ಕೆ ಗೋಡೆ ಹೊದಿಸಬೇಕಿತ್ತು, ಆಗಲೂ ದಪ್ಪ ಮಾತ್ರ ಒಂದೇ. ತಳ-ತುದಿಗಳ ದಪ್ಪ ಬೇರೆ ಬೇರೆ ಬೇಕೆಂದರೆ ಇನ್ನೂ ಸುತ್ತುಬಳಸು. ಇದು ತಾಂತ್ರಿಕವಾಗಿ ಆಗದ ಕೆಲಸವೇನೂ ಆಗಿರಲಿಲ್ಲ. ಇಂಥದ್ದೇ ಇನ್ನೊಂದು ತಂತ್ರಾಂಶವಾದ ಆರ್ಕಿಕ್ಯಾಡ್‌ನಲ್ಲಿ ಓರೆ ಗೋಡೆಯ ಸೌಲಭ್ಯ ಬಹಳ ಮೊದಲೇ ಇತ್ತು. ಬೇಕು ಅನ್ನಿಸಿರಲಿಲ್ಲ, ಅಷ್ಟೆ.

ಈಗ ಬಂದಿರುವ ಸೌಲಭ್ಯದಲ್ಲಿ ಮೆಚ್ಚುವಂಥದ್ದೂ ಇದೆ. ಗೋಡೆಯ ಪದರಗಳಲ್ಲಿ ಒಂದನ್ನು ಮಾತ್ರ ದಪ್ಪ ಬದಲಾಗುವ ಪದರವೆಂದು ಗುರುತಿಸಬೇಕು. ಉಳಿದವು ಇದ್ದ ಹಾಗೇ ಇರುತ್ತವೆ. ಗಾರೆ ಎಲ್ಲ ಕಡೆ ಒಂದೇ ಸಮ, ಒಳಗಿನ ಕಲ್ಲಿನ ಕಟ್ಟಣೆ ಮಾತ್ರ ಕಿರಿದಾಗುತ್ತ ಹೋಗುವುದು ನಿಜವಾದ ಗೋಡೆಯ ರೀತಿಯೇ. ಬಾಗಿಲು ಕಿಟಕಿ ಗೋಡೆಯೊಂದಿಗೆ ವಾಲಬೇಕೋ ನೆಟ್ಟಗೆ ನಿಲ್ಲಬೇಕೋ ಎಂದು ಆಯ್ದುಕೊಳ್ಳಲೂ ಬರುತ್ತದೆ.

ನನ್ನ ತಕರಾರು ಇರುವುದು ಅದು ಕೇಳುವ ಪ್ರಶ್ನೆಯ ಬಗ್ಗೆ. ಅದು ಕೇಳುವುದು ಕೋನವನ್ನು. ಮಲೆನಾಡಿನ ರಸ್ತೆ ಬದಿಯ ಒಂದು ಕಲ್ಲಿನ ತಡೆಗೋಡೆ ತೆಗೆದುಕೊಳ್ಳಿ: ಎತ್ತರ 3 ಮೀಟರ್, ತುದಿಯಲ್ಲಿ 600 ಮಿ.ಮೀ. ದಪ್ಪ, ತಳದಲ್ಲಿ 1500, ಒಂದು ಮುಖ ನೆಟ್ಟಗೆ. ತಂತ್ರಾಂಶಕ್ಕೆ ಇದು 16.7 ಡಿಗ್ರಿ. ಮೇಸ್ತ್ರಿಗೆ ಆ ಅಂಕಿಯಿಂದ ಏನೂ ಉಪಯೋಗವಿಲ್ಲ. ಅವನು ಗೋಡೆಯ ಎರಡು ತುದಿಗೂ ಮರದ ಪಟ್ಟಿಯನ್ನು ಓರೆಯಾಗಿ ನಿಲ್ಲಿಸಿ, ನಡುವೆ ದಾರ ಕಟ್ಟಿ, ವರಸೆ ಏರಿದಂತೆ ದಾರ ಏರಿಸುತ್ತಾನೆ. ಅವನಿಗೆ ಬೇಕಾದದ್ದು ಒಂದೇ ಮಾತು: ಮೀಟರಿಗೆ 300 ಮಿ.ಮೀ. ಒಳಕ್ಕೆ.

ಮುಂದೆ ನೆಲ ತಗ್ಗಾಗುತ್ತದೆ, ಅಲ್ಲಿ ಗೋಡೆ 4 ಮೀಟರ್ ಆಗಬೇಕು ಎನ್ನಿ. ದಪ್ಪವನ್ನು ತಳದಲ್ಲಿ ಅಳೆಯಬೇಕೋ ತುದಿಯಲ್ಲೋ ಎಂದು ಹೇಳಲು ತಂತ್ರಾಂಶದಲ್ಲಿ ಒಂದು ಆಯ್ಕೆಯಿದೆ. ಅದು ತಳಕ್ಕೆ ನಿಂತಿದ್ದರೆ ತಳದ 1500 ಹಾಗೇ ಉಳಿದು ತುದಿ 300ಕ್ಕೆ ಇಳಿಯುತ್ತದೆ. ಹೆಚ್ಚು ಮಣ್ಣು ಒತ್ತುವ ಕಡೆ ತಳ ಅಗಲವಾಗಲಿಲ್ಲ, ತುದಿ ಸೊರಗಿತು! ಅದೇ ಆಯ್ಕೆ ತುದಿಗೆ ನಿಂತಿದ್ದರೆ ತುದಿ 600 ಉಳಿದು ತಳ 1800 ಆಗುತ್ತದೆ. ಕೋನ ಎರಡರಲ್ಲೂ ಅದೇ. ಮೂರು ಆಯಾಮದ ಚಿತ್ರದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ, ಎರಡೂ ಚೆನ್ನಾಗಿಯೇ ಕಾಣುತ್ತವೆ.

ಎಸ್ಟಿಮೇಟಿನ ಮೇಲೂ ಇದರ ಪರಿಣಾಮ ಇದೆ. ಮೊದಲಿನ 3 ಮೀಟರ್ ಗೋಡೆಗೆ ಉದ್ದದ ಪ್ರತಿ ಮೀಟರಿಗೆ ಬೇಕಾದ ಕಟ್ಟಣೆ 3.15 ಘನಮೀಟರ್. ತಂತ್ರಾಂಶ ತಾನೇ ಕೊಡುವ ಘನ ಅಳತೆ ನೋಡಿದರೆ ಸರಿಹೋಗುತ್ತದೆ. ನೆಟ್ಟ ಗೋಡೆಯ ಅಭ್ಯಾಸದಲ್ಲಿ ತಳದ ದಪ್ಪವನ್ನು ಎತ್ತರಕ್ಕೆ ಗುಣಿಸಿದವರಿಗೆ 4.5 ಬರುತ್ತದೆ, ತುದಿಯ ದಪ್ಪ ಹಿಡಿದವರಿಗೆ 1.8.

ಗೋಡೆ ನಿಲ್ಲುತ್ತದೋ ಇಲ್ಲವೋ ನೋಡುವುದು ಎಂಜಿನಿಯರ್ ಕೆಲಸ, ತಂತ್ರಾಂಶ ಬರೀ ಚಿತ್ರ ಬರೆಯುವ ಸಾಧನ ಎಂದು ಹೇಳುವವರಿದ್ದಾರೆ. ಈ ಮಾತು ಸಾಲದು. ಇಂದಿನ ವಿದ್ಯಾರ್ಥಿ ಗೋಡೆ ಎಂದರೇನು ಎಂದು ಕಲಿಯುವುದು ಬಹುಪಾಲು ಈ ಸಾಧನದಿಂದಲೇ. ಮೊದಲು ಪ್ಲಾನಿನಲ್ಲಿ ಗೆರೆ ಎಳೆದು ಆಮೇಲೆ ಕೋನ ತುಂಬುವುದನ್ನು ಕಲಿತವನಿಗೆ ಓರೆ ಎನ್ನುವುದು ಗೋಡೆಗೆ ಹೊರಗಿನಿಂದ ಸೇರಿಸುವ ಅಲಂಕಾರವಾಗಿಯೇ ಕಾಣುತ್ತದೆ. ಸೆಕ್ಷನ್ನಿನಿಂದ ಶುರುಮಾಡಿದವನು ಮೊದಲು ತುದಿಗೆಷ್ಟು, ತಳಕ್ಕೆಷ್ಟು ಎಂದು ಕೇಳಿಕೊಳ್ಳಲೇಬೇಕು. ತಂತ್ರಾಂಶವೂ ಅದನ್ನೇ ಕೇಳಲಿ: ತುದಿಯ ದಪ್ಪ, ಮೀಟರಿಗೆ ಎಷ್ಟು ಒಳಕ್ಕೆ. ಕೋನವನ್ನು ತಾನೇ ಲೆಕ್ಕ ಹಾಕಿಕೊಳ್ಳಲಿ.

ಹಳೆಯ ಕಟ್ಟಡಗಳ ಸಂರಕ್ಷಣೆಯಲ್ಲಿ ಇದು ಇನ್ನೂ ಗಂಭೀರ. ಕಲಬುರಗಿಯ ಗೋರಿಯಂಥ ಕಟ್ಟಡದ ಗೋಡೆಯಲ್ಲಿ ಎರಡು ಬಗೆಯ ಓರೆ ಬೆರೆತಿರಬಹುದು: ಕಟ್ಟಿದವನು ಬೇಕೆಂದೇ ಕೊಟ್ಟದ್ದು ಒಂದು, ಶತಮಾನಗಳಲ್ಲಿ ನೆಲ ಕುಸಿದೋ ಒಳಗಿನ ತುಂಬು ಜಾರಿಯೋ ಬಂದದ್ದು ಇನ್ನೊಂದು. ಅಂಥ ಗೋಡೆಗೆ ಒಂದೇ ಕೋನ ಕೊಟ್ಟು ಮಾದರಿ ಮಾಡಿದರೆ ಉಬ್ಬು ತಗ್ಗುಗಳೆಲ್ಲ ಒಂದು ನೇರ ಗೆರೆಯಲ್ಲಿ ಅಳಿಸಿಹೋಗುತ್ತವೆ. ದುರಸ್ತಿಗೆ ಬಂದವನಿಗೆ ಎಲ್ಲಿ ಕೈ ಹಾಕಬೇಕು ಎಂದು ತಿಳಿಯುವುದೇ ಇಲ್ಲ. ಅಲ್ಲಿ ಗೋಡೆಯನ್ನು ನಾಲ್ಕೈದು ಎತ್ತರಗಳಲ್ಲಿ ಬೇರೆ ಬೇರೆಯಾಗಿ ಅಳೆದು, ಆ ಅಳತೆಗಳನ್ನು ಸರಿಪಡಿಸದೆ ಇದ್ದಂತೆಯೇ ಮಾದರಿಗೆ ತರಬೇಕು, ಹಳೆಯ ಸುತ್ತುಬಳಸಿನ ದಾರಿಯಲ್ಲಾದರೂ ಸರಿಯೇ.