ಅವಸರವಿಲ್ಲದ ಆಟ

1974ರ ವಿಶ್ವಕಪ್, ಜೂನ್ 23, ಸ್ಟುಟ್‌ಗಾರ್ಟ್. ಪೋಲೆಂಡ್ ಇಟಲಿಯ ಮೇಲೆ ಒಂದು ಗೋಲಿನಿಂದ ಮುಂದಿದೆ, ಮೊದಲರ್ಧ ಮುಗಿಯುತ್ತ ಬಂದಿದೆ. ಬಲಗಡೆಯಿಂದ ಕಾಸ್ಪೆರ್ಚಾಕ್ ಚೆಂಡನ್ನು ಗೋಲಿನ ಬಾಯಿಗೆ ಹಾಕದೆ ಹಿಂದಕ್ಕೆ, ಪೆನಾಲ್ಟಿ ಬಾಕ್ಸಿನ ಅಂಚಿನತ್ತ ಕಳಿಸುತ್ತಾನೆ. ಇಟಲಿಯ ಡಿಫೆಂಡರುಗಳು ಗೋಲಿನ ಕಡೆಗೆ ಧಾವಿಸುತ್ತಿದ್ದಾರೆ. ಅಂಚಿನಲ್ಲಿರುವ ತೆಳ್ಳನೆಯ ಆಟಗಾರ ಮಾತ್ರ ಓಡಿ ಬಂದವನಂತೆ ಕಾಣುವುದಿಲ್ಲ; ಚೆಂಡು ಇಲ್ಲಿಗೇ ಬರುತ್ತದೆಂದು ಯಾರೋ ಮೊದಲೇ ಕಿವಿಯಲ್ಲಿ ಹೇಳಿದ್ದರೇನೋ ಎಂಬಂತೆ ಅಲ್ಲಿದ್ದಾನೆ. ಬಲಗಾಲು ಒಮ್ಮೆ ಬೀಸುತ್ತದೆ, ಅಷ್ಟೆ. ಗೋಲಿನಲ್ಲಿದ್ದವನು ಡಿನೋ ಜೋಫ್. ಅವನಿಗೂ ಅದು ದಕ್ಕಲಿಲ್ಲ. ಪಂದ್ಯ 2–1ರಲ್ಲಿ ಮುಗಿದು ಇಟಲಿ ಮನೆಗೆ ಹೋಯಿತು.

ಆ ಆಟಗಾರ ಕಾಜಿಮಿಯೆಶ್ ದೇಯ್ನಾ, ಪೋಲೆಂಡಿನ ನಾಯಕ. ಬೆನ್ನ ಮೇಲೆ 12ನೇ ಸಂಖ್ಯೆ. ಈ ಗೋಲನ್ನು ಹಳೆಯ ಚಿತ್ರಸುರುಳಿಯಲ್ಲಿ ಮತ್ತೆ ಮತ್ತೆ ನೋಡಿದಷ್ಟೂ ಕಣ್ಣು ಒದೆತವನ್ನು ಬಿಟ್ಟು ಅದಕ್ಕೂ ಹಿಂದಿನ ಕೆಲವು ಹೆಜ್ಜೆಗಳ ಮೇಲೆ ಕೂರುತ್ತದೆ. ಒದೆತದ ಬಲ ಯಾರಿಗೂ ಬಂದೀತು. ಎಲ್ಲರೂ ಒಂದು ಕಡೆ ನುಗ್ಗುತ್ತಿರುವಾಗ ತಾನು ಅರೆಹೆಜ್ಜೆ ತಡೆದುಕೊಳ್ಳುವ ಧೈರ್ಯ ಸುಲಭಕ್ಕೆ ಬರುವುದಲ್ಲ. ದೊಡ್ಡ ಗಾಯಕರು ವಿಲಂಬಿತದಲ್ಲಿ ಸಮ್‌ಗೆ ಬರುವಾಗ ಹೀಗೆಯೇ: ತಡವಾಯಿತೇನೋ ಎಂದು ಕೇಳುವವರಿಗೆ ಆತಂಕ, ಹಾಡುವವರಿಗಿಲ್ಲ.

ದೇಯ್ನಾ ವೇಗದ ಆಟಗಾರನಲ್ಲ. ಆ ತಂಡದಲ್ಲಿ ವೇಗ ಬೇರೆಯವರ ಪಾಲು. ಬಲಗಡೆ ಲಾತೋ, ಎಡಗಡೆ ಗಾದೋಹಾ, ನಡುವೆ ಷಾರ್ಮಾಖ್. ಮೂವರೂ ಬಿಲ್ಲಿನಿಂದ ಬಿಟ್ಟ ಹಾಗೆ ಹೋಗುವವರು. ಬಿಲ್ಲು ಯಾರ ಕೈಯಲ್ಲಿತ್ತು ಎಂದರೆ ಈ ನಿಧಾನಸ್ಥನ ಕೈಯಲ್ಲಿ. ತಲೆಯೆತ್ತಿ ನಿಲ್ಲುತ್ತಿದ್ದ, ಪಾದದ ಹೊರಬದಿಯಿಂದ ಚೆಂಡನ್ನು ಬಾಗಿಸಿ ಮೂವತ್ತು ನಲವತ್ತು ಗಜ ದೂರ ಕಳಿಸುತ್ತಿದ್ದ. ಓಡುವವನು ಹೆಜ್ಜೆ ಬದಲಿಸಬೇಕಿರಲಿಲ್ಲ. ತರಬೇತುದಾರ ಕಾಜಿಮಿಯೆಶ್ ಗುರ್ಸ್ಕಿ ಕಟ್ಟಿದ ಆಟದ ಗುಟ್ಟೇ ಈ ಎರಡು ಲಯಗಳ ಜೋಡಣೆ. ಆ ವಿಶ್ವಕಪ್ಪಿನಲ್ಲಿ ಲಾತೋ ಏಳು ಗೋಲು ಹೊಡೆದ, ಪೋಲೆಂಡ್ ಬ್ರೆಜಿಲ್ ತಂಡವನ್ನು ಸೋಲಿಸಿ ಮೂರನೆಯ ಸ್ಥಾನ ಪಡೆಯಿತು. ಆ ವರ್ಷದ ಬ್ಯಾಲನ್ ಡಿ'ಓರ್ ಮತದಾನದಲ್ಲಿ ಕ್ರೈಫ್, ಬೆಕೆನ್‌ಬಾವರ್ ಆದಮೇಲೆ ದೇಯ್ನಾನ ಹೆಸರು ಬಂತು. ಕ್ರೈಫ್‌ನ ಆಟಕ್ಕೆ ಮರುಳಾಗದವರು ಯಾರು? ಆದರೂ ಎರಡನೆಯ ಸಲ ಯಾರನ್ನು ನೋಡುತ್ತೀ ಎಂದರೆ ನನ್ನ ಕೈ ದೇಯ್ನಾನ ಕಡೆಗೇ ಹೋಗುತ್ತದೆ.

ಹುಟ್ಟಿದ್ದು 1947ರಲ್ಲಿ, ಉತ್ತರ ಪೋಲೆಂಡಿನ ಸ್ತಾರೋಗಾರ್ದ್ ಎಂಬ ಸಣ್ಣ ಊರಿನಲ್ಲಿ. ವೂಜ್ ನಗರದ ಕ್ಲಬ್ಬಿಗೆ ಒಂದೇ ಒಂದು ಲೀಗ್ ಪಂದ್ಯ ಆಡುವಷ್ಟರಲ್ಲಿ ಕಡ್ಡಾಯ ಸೈನಿಕ ಸೇವೆಯ ಕರೆ ಬಂತು. ಸೈನ್ಯದ ಕ್ಲಬ್ಬಾದ ವಾರ್ಸಾದ ಲೆಗಿಯಾ ಒಳ್ಳೆಯ ಹುಡುಗರನ್ನು ಆರಿಸಿಕೊಳ್ಳುತ್ತಿದ್ದ ದಾರಿಯೇ ಅದು. ಹೀಗೆ ಬಂದವನು ಹನ್ನೆರಡು ವರ್ಷ ಅಲ್ಲೇ ಉಳಿದ. 1969 ಮತ್ತು 1970ರಲ್ಲಿ ಲೀಗ್ ಗೆದ್ದದ್ದು, ಯುರೋಪಿಯನ್ ಕಪ್ಪಿನ ಸೆಮಿಫೈನಲ್‌ವರೆಗೆ ಹೋದದ್ದು ಈ ಕಾಲದಲ್ಲಿ.

1972ರ ಮ್ಯೂನಿಕ್ ಒಲಿಂಪಿಕ್ಸ್ ಫೈನಲ್ ಬೇರೆಯದೇ ರುಚಿ. ಸಮಾಜವಾದಿ ದೇಶಗಳ ಆಟಗಾರರು ಕಾಗದದ ಮೇಲೆ ಹವ್ಯಾಸಿಗಳಾದ್ದರಿಂದ ಅವು ತಮ್ಮ ಉತ್ತಮ ತಂಡಗಳನ್ನೇ ಕಳಿಸಬಹುದಿತ್ತು. ಹಂಗೇರಿ ಒಂದು ಗೋಲು ಮುಂದಿತ್ತು. ವಿರಾಮ ಮುಗಿಯುತ್ತಿದ್ದಂತೆ ದೇಯ್ನಾ ತಾನೇ ಚೆಂಡು ಹಿಡಿದು ಡಿಫೆಂಡರುಗಳನ್ನು ದಾಟಿ ಒಂದು ಗೋಲು, ಆಮೇಲೆ ಇನ್ನೊಂದು. ಚಿನ್ನ ಬಂತು. ಕೂಟದಲ್ಲಿ ಅವನೊಬ್ಬನದೇ ಒಂಬತ್ತು ಗೋಲು.

ಇಷ್ಟಾದರೂ ಅವನ ನಿಧಾನ ಎಲ್ಲರಿಗೂ ಹಿಡಿಸಲಿಲ್ಲ. 1977ರ ಅಕ್ಟೋಬರ್‌ನಲ್ಲಿ ಹೋಜುವ್‌ನ ಸಿಲೇಸಿಯಾ ಮೈದಾನದಲ್ಲಿ ಪೋರ್ಚುಗಲ್ ವಿರುದ್ಧ ಪಂದ್ಯ. ಅದು ಕಲ್ಲಿದ್ದಲ ಗಣಿಗಳ ಸೀಮೆ, ಅಲ್ಲಿನವರಿಗೆ ರಾಜಧಾನಿಯ ಸೈನ್ಯದ ಕ್ಲಬ್ಬೆಂದರೆ ಮೈ ಉರಿ. ತಮ್ಮದೇ ದೇಶದ ನಾಯಕನ ಕಾಲಿಗೆ ಚೆಂಡು ಸಿಕ್ಕರೆ ಸಾಕು, ಜನ ಸಿಳ್ಳೆ ಹಾಕಿ ಹೀಯಾಳಿಸುತ್ತಿದ್ದರು. ಅವನು ಕಾರ್ನರ್ ಕಿಕ್ ತೆಗೆದುಕೊಂಡ. ಚೆಂಡು ಬಾಗುತ್ತ ಬಾಗುತ್ತ ಯಾರ ತಲೆಯನ್ನೂ ಮುಟ್ಟದೆ ನೇರ ಬಲೆಯೊಳಗೆ ಹೋಯಿತು. ಪಂದ್ಯ 1–1, ಪೋಲೆಂಡ್ ವಿಶ್ವಕಪ್ಪಿಗೆ. ಸಿಳ್ಳೆಗೆ ಇದಕ್ಕಿಂತ ಚೆಂದದ ಉತ್ತರ ನನಗೆ ಗೊತ್ತಿಲ್ಲ.

ಮುಂದಿನ ಜೂನ್‌ನಲ್ಲಿ ರೊಸಾರಿಯೋದಲ್ಲಿ ಅರ್ಜೆಂಟೀನಾ ಎದುರು. ಕೆಂಪೆಸ್ ಗೋಲುಗೆರೆಯ ಮೇಲೆ ಚೆಂಡನ್ನು ಕೈಯಲ್ಲಿ ತಡೆದ, ಪೆನಾಲ್ಟಿ ಸಿಕ್ಕಿತು. ದೇಯ್ನಾ ಒದ್ದದ್ದನ್ನು ಫಿಯೊಲ್ ಹಿಡಿದುಬಿಟ್ಟ. ಕೆಂಪೆಸ್‌ನ ಎರಡು ಗೋಲುಗಳಿಂದ ಪೋಲೆಂಡ್ ಸೋತಿತು. ಇದನ್ನು ಅವನ ಬಾಳಿನ ಕಪ್ಪುಚುಕ್ಕೆ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಸಮಯವೇ ಇಲ್ಲದ ಕಡೆ ಸಮಯ ಹುಡುಕುವುದು ಅವನ ಕಲೆ. ಪೆನಾಲ್ಟಿಯಲ್ಲಿ ಸಮಯ ಪುಕ್ಕಟೆ ಸಿಗುತ್ತದೆ, ಅಲ್ಲಿ ಅವನು ಹುಡುಕಬೇಕಾದದ್ದು ಏನೂ ಇರಲಿಲ್ಲ. 1974ರಲ್ಲಿ ಯುಗೊಸ್ಲಾವಿಯಾ ಮೇಲೆ ಪೆನಾಲ್ಟಿ ಹೊಡೆದಿದ್ದನಲ್ಲ ಎಂದು ಯಾರಾದರೂ ಕೇಳಿದರೆ ನನ್ನ ವಾದ ಬಿದ್ದುಹೋಗುತ್ತದೆ, ಬೀಳಲಿ.

ದೇಶದ ಪರ 97 ಪಂದ್ಯ, 41 ಗೋಲು. ಮೂವತ್ತು ದಾಟಿದ ಮೇಲೆಯೇ ಹೊರದೇಶಕ್ಕೆ ಹೋಗಲು ಬಿಟ್ಟದ್ದು. 1978ರಲ್ಲಿ ಮ್ಯಾಂಚೆಸ್ಟರ್ ಸಿಟಿ ಸೇರಿದ. ಕೆಸರು ಮೈದಾನ, ಮೈಮೇಲೆ ಬೀಳುವ ಆಟ, ಆಗಾಗ ಗಾಯ. ಅಲ್ಲಿ 38 ಲೀಗ್ ಪಂದ್ಯಗಳಲ್ಲಿ 12 ಗೋಲು ಹೊಡೆದದ್ದು ಕಡಿಮೆಯೇನಲ್ಲ. 1981ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ಸಾಕರ್ಸ್. ಅದೇ ಊರಿನಲ್ಲಿ 1989ರ ಸೆಪ್ಟೆಂಬರ್ 1ರಂದು ಕಾರು ಅಪಘಾತದಲ್ಲಿ ತೀರಿಕೊಂಡಾಗ ವಯಸ್ಸು 41. 2012ರಲ್ಲಿ ಅಸ್ಥಿಯನ್ನು ವಾರ್ಸಾಕ್ಕೆ ತಂದರು, ಲೆಗಿಯಾ ಮೈದಾನದ ಹೊರಗೆ ಪ್ರತಿಮೆ ನಿಲ್ಲಿಸಿದರು. ಲೆಗಿಯಾದಲ್ಲಿ ಅವನು ತೊಡುತ್ತಿದ್ದ 10ನೇ ಸಂಖ್ಯೆಯ ಅಂಗಿಯನ್ನು ಕ್ಲಬ್ ಈಗ ಯಾರಿಗೂ ಕೊಡುವುದಿಲ್ಲ.

ಅಮೆರಿಕಕ್ಕೆ ಹೋಗುವ ಮುನ್ನ ಒಂದು ಸಿನಿಮಾದಲ್ಲಿ ಕಾಣಿಸಿಕೊಂಡಿದ್ದ: ಜಾನ್ ಹ್ಯೂಸ್ಟನ್ ನಿರ್ದೇಶನದ 'ಎಸ್ಕೇಪ್ ಟು ವಿಕ್ಟರಿ'. ಪೆಲೆ, ಬಾಬಿ ಮೂರ್, ಮೈಕೆಲ್ ಕೇನ್, ಸ್ಟಲೋನ್ ಇರುವ ಯುದ್ಧಕೈದಿಗಳ ಫುಟ್‌ಬಾಲ್ ಕಥೆ. ಪೆಲೆಯ ಬೈಸಿಕಲ್ ಕಿಕ್ ಬಂದಾಗ ಹ್ಯೂಸ್ಟನ್ ಚಿತ್ರವನ್ನು ನಿಧಾನಗತಿಗಿಳಿಸಿ ಮತ್ತೆ ಮತ್ತೆ ತೋರಿಸುತ್ತಾರೆ. ದೇಯ್ನಾ ಚೆಂಡು ಮುಟ್ಟುವ ಗಳಿಗೆಗಳು ಮಾಮೂಲು ವೇಗದಲ್ಲೇ ದಾಟಿಹೋಗುತ್ತವೆ, ಅವನ್ನು ನಿಧಾನಗೊಳಿಸುವ ಕೆಲಸವನ್ನು ಅವನೇ ಮಾಡಿಟ್ಟಿರುತ್ತಾನೆ.