ಹಿತ್ತಲಿನ ಕೆಂಪು ಮಾಡು

ವ್ಯಾಪಾರಿಗೆ ಈ ಚಿತ್ರದಲ್ಲಿ ಹಿಡಿಸದೇ ಹೋದದ್ದು ಎರಡು: ಒಂದು ಕೆಂಪು ಮಾಡು, ಇನ್ನೊಂದು ಹಿತ್ತಲು. ಚಿತ್ರ ಬರೆದವನು ಕಮೀಲ್ ಪಿಸಾರೊ. ವ್ಯಾಪಾರಿ ಪ್ಯಾರಿಸ್ಸಿನ ಪಾಲ್ ದ್ಯುರಾಂ-ರುಯೆಲ್, ಇಂಪ್ರೆಷನಿಸ್ಟರ ಗುಂಪನ್ನು ವರ್ಷಗಟ್ಟಲೆ ಸಾಕಿದವನು. 1886ರಲ್ಲಿ ಪಿಸಾರೊ ಮಗ ಲೂಸಿಯನ್‌ಗೆ ಬರೆದ ಪತ್ರದಲ್ಲಿ ಈ ವಿಷಯ ಹೇಳಿ, ಚಿತ್ರಕ್ಕೆ ಗುಣ ಬಂದಿರೋದೇ ಅವೆರಡರಿಂದ ಅಂತ ಸೇರಿಸ್ತಾನೆ. ನನ್ನ ಓಟು ಪಿಸಾರೊಗೆ.

'ನನ್ನ ಕಿಟಕಿಯಿಂದ ಕಂಡ ನೋಟ, ಎರಾನಿ' ಈಗ ಆಕ್ಸ್‌ಫರ್ಡ್‌ನ ಆಷ್ಮೋಲಿಯನ್ ಮ್ಯೂಸಿಯಂನಲ್ಲಿದೆ. ಎರಾನಿ, ಎಪ್ಟ್ ನದಿ ಪಕ್ಕದ ಸಣ್ಣ ಹಳ್ಳಿ. 1884ರಲ್ಲಿ ಪಿಸಾರೊ ಸಂಸಾರ ಸಮೇತ ಅಲ್ಲಿಗೆ ಹೋಗಿ ಬಾಡಿಗೆ ಮನೆ ಹಿಡಿದ. ಚಿತ್ರದಲ್ಲಿ ಇರೋದು ಕೋಳಿಗಳು, ಕೈತೋಟ, ಕೆಂಪು ಮಾಡಿನ ಒಂದು ಕಟ್ಟಡ, ಅದರಾಚೆ ಹುಲ್ಲುಗಾವಲು, ಮರಗಳು, ಮೋಡದ ದಿನದ ಆಕಾಶ. ಅಷ್ಟೇ. ಹಿತ್ತಲ ಗಿಡ ಮದ್ದಲ್ಲ ಅನ್ನೋ ಗಾದೆ ಪ್ಯಾರಿಸ್ ಮಾರುಕಟ್ಟೆಗೂ ಗೊತ್ತಿತ್ತು ಅನ್ಸುತ್ತೆ.

ಆದರೆ ಜಗಳ ಬರೀ ಹಿತ್ತಲಿನದ್ದಲ್ಲ. 1874ರಿಂದ 1886ರವರೆಗೆ ನಡೆದ ಎಂಟೂ ಇಂಪ್ರೆಷನಿಸ್ಟ್ ಪ್ರದರ್ಶನಗಳಲ್ಲಿ ಚಿತ್ರ ಇಟ್ಟವನು ಪಿಸಾರೊ ಒಬ್ಬನೇ. ಅಂಥ ಮನುಷ್ಯ 55ನೇ ವಯಸ್ಸಲ್ಲಿ, ಸಂಸಾರ ಸಾಕೋದೇ ಕಷ್ಟ ಅನ್ನೋ ಹೊತ್ತಲ್ಲಿ, ತನ್ನ ಕೈಯ ಹಳೇ ಅಭ್ಯಾಸವನ್ನೆಲ್ಲ ಬದಿಗಿಟ್ಟು ಜಾರ್ಜ್ ಸುರಾ ಅನ್ನೋ 25ರ ಹುಡುಗನ ದಾರಿ ಹಿಡಿದ. ಬಣ್ಣ ಕಲಸಬೇಡ, ಚುಕ್ಕೆ ಚುಕ್ಕೆಯಾಗಿ ಪಕ್ಕಪಕ್ಕ ಇಡು, ಮಿಕ್ಕಿದ್ದು ನೋಡುವವನ ಕಣ್ಣಿಗೆ ಬಿಡು. ಹಿಂದೆ ಇದ್ದ ವಿಜ್ಞಾನ 1839ರಲ್ಲಿ ಶೆವ್ರಲ್ ಬರೆದ ಪುಸ್ತಕದ್ದು: ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನೇ ಬದಲಾಯಿಸಿ ತೋರಿಸುತ್ತೆ.

ನಮ್ಮ ಪೈಕಿಯವರು ಇದನ್ನ ನೋಡಿದ ಕೂಡಲೇ "ಪಿಕ್ಸೆಲ್!" ಅಂತಾರೆ. ಅಲ್ಲ ಮಾರಾಯ್ರೆ. ಪಿಕ್ಸೆಲ್‌ಗೆ ಪಕ್ಕದಲ್ಲಿ ಯಾರಿದ್ದಾರೆ ಅನ್ನೋದೇ ಗೊತ್ತಿರಲ್ಲ. ಇಲ್ಲಿ ಪ್ರತಿ ಚುಕ್ಕೆಯೂ ಪಕ್ಕದ್ದನ್ನ ಕೇಳಿಯೇ ಕೂತಿದೆ. ಆ ಕೆಂಪು ಮಾಡನ್ನೇ ನೋಡಿ. ಅದನ್ನ ಬೆರಳಲ್ಲಿ ಮುಚ್ಚಿದರೆ ಹಿಂದಿನ ಹಸಿರೆಲ್ಲ ಸಪ್ಪೆ. ಬೆರಳು ತೆಗೀರಿ, ಹುಲ್ಲು ಮತ್ತೆ ಜೀವ ಹಿಡಿಯುತ್ತೆ. ವ್ಯಾಪಾರಿ ಬೇಡ ಅಂದದ್ದು ಈ ಚಿತ್ರದ ಇಂಜಿನ್ನನ್ನೇ.

ಕುಂದಿಲ್ಲ ಅಂತಲ್ಲ. ಗಾಳಿ ಆಡೋದಿಲ್ಲ. ಕೋಳಿಗಳು ಕೆದಕೋ ಕೋಳಿಗಳಲ್ಲ, ಅಂಟಿಸಿದ ಕೋಳಿಗಳು. ಇಂಪ್ರೆಷನಿಸ್ಟ್ ಪಿಸಾರೊ ಆಗಿದ್ದರೆ ಅವುಗಳ ಕಾಲಡಿಯ ಮಣ್ಣೂ ಅಲುಗಾಡ್ತಿತ್ತು.

ಆದ್ರೂ ನನಗೆ ಈ ನಿಶ್ಚಲತೆ ಬೇಕು. ಇಂಪ್ರೆಷನಿಸಂ ಎಷ್ಟೇ ಚಂದ ಇದ್ರೂ ಅದರಲ್ಲಿ ಸ್ವಲ್ಪ ನೆಂಟರ ಕಣ್ಣಿದೆ: ಬಂದರು, ಬೆಳಕು ಚೆನ್ನಾಗಿತ್ತು, ಹೋದರು. ಹಳ್ಳೀಲಿ ಬೆಳೆದವರನ್ನ ಕೇಳಿ, ನಮ್ಮ ಹಿತ್ತಲಿಗೆ 'ಆ ಕ್ಷಣದ ಬೆಳಕು' ಅಂತ ಒಂದಿಲ್ಲ. ಬಚ್ಚಲ ನೀರು ಎತ್ತ ಹರಿಯುತ್ತೆ, ಬೇಲಿ ಎಲ್ಲಿ ಮುರಿದಿದೆ, ನುಗ್ಗೆಮರ ಯಾವ ಕಡೆ ವಾಲಿದೆ, ಇದೆಲ್ಲ ದಿನಾ ನೋಡಿ ನೋಡಿ ಕೂತ ಚಿತ್ರ. ಪಿಸಾರೊನ ಕಿಟಕಿಯಲ್ಲಿ ಇರೋದು ಅದೇ ಕಣ್ಣು. ಹೊತ್ತೆಷ್ಟು ಅಂತ ಹೇಳೋ ನೆರಳು ಇಲ್ಲ. 1886ರಲ್ಲೇ ಪ್ರದರ್ಶನಕ್ಕೆ ಹೋಗಿ ಬಂದ ಚಿತ್ರವನ್ನ ಮತ್ತೆ ತಿದ್ದಿ, ಸಹಿ ಪಕ್ಕ 1888 ಅಂತ ಹಾಕಿದ್ದಾನೆ. ಕ್ಷಣ ಹಿಡಿಯೋ ಕೆಲಸಕ್ಕೆ ಯಾರಾದ್ರೂ ಎರಡು ವರ್ಷ ತಗೋತಾರಾ?

ಈ ಚುಕ್ಕೆ ಸಂಸಾರ ಬಹಳ ದಿನ ನಡೀಲಿಲ್ಲ ಅನ್ನೋದೂ ನಿಜ. 1890ರ ಹೊತ್ತಿಗೆ ಪಿಸಾರೊ ಇದನ್ನ ಬಿಟ್ಟ. ತುಂಬ ನಿಧಾನ, ಒಳಗೆ ಅನ್ನಿಸಿದ್ದರ ಹಿಂದೆ ಕೈ ಓಡಲ್ಲ ಅನ್ನೋದು ಅವನ ತಕರಾರು. ಆಮೇಲಿನ ಎರಾನಿ ಚಿತ್ರಗಳಲ್ಲಿ ಗಾಳಿ ವಾಪಸ್ ಬಂತು. 1892ರಲ್ಲಿ ದ್ಯುರಾಂ-ರುಯೆಲ್ ದೊಡ್ಡ ಪ್ರದರ್ಶನವನ್ನೇ ಮಾಡಿದ, ಚಿತ್ರಗಳು ಮಾರಾಟವಾದವು. ಅದೇ ವರ್ಷ ಪಿಸಾರೊ ಗೆಳೆಯ ಮೊನೆಯಿಂದ ಸಾಲ ತಗೊಂಡು ಎರಾನಿಯ ಆ ಬಾಡಿಗೆ ಮನೆಯನ್ನ ಕೊಂಡುಕೊಂಡ, ಹಿತ್ತಲು ಸಮೇತ.